ಅರ್ಧ ವೇಗದ ಬಿಸಿ

ನನ್ನ ಎಡಗೈ ತೋರುಬೆರಳ ತುದಿಗೆ ಕಾಫಿಯ ಬಿಸಿ ತಟ್ಟುವುದಿಲ್ಲ. ಸ್ಟೀಲ್ ಲೋಟವನ್ನು ಮೊದಲು ಆ ಬೆರಳಿನಿಂದ ಮುಟ್ಟಿ, ಆರಿದೆಯೆಂದು ತೀರ್ಪು ಕೊಟ್ಟು, ಆಮೇಲೆ ತುಟಿ ಸುಟ್ಟುಕೊಳ್ಳುವುದು ನನ್ನ ನಿತ್ಯವಿಧಿ. ಭೌತಶಾಸ್ತ್ರದ ಎಂ.ಎಸ್ಸಿ.ಗೆ ಇಷ್ಟು ಕೆಟ್ಟ ಉಷ್ಣಮಾಪಕ ದೊರೆತದ್ದು ಹೇಗೆಂದು ನೀವು ಕೇಳಿದರೆ, ನಾನು ನೆನಪನ್ನು ನಂಬಲಾರೆ. ಬಾಲ್ಯದ ದೋಸೆಕಾವಲಿಯೂ ಬೆರಳಿನ ಈ ಸುಟ್ಟ ಕಲೆಯ ಮೇಲೆ ಹಕ್ಕು ಸಾಧಿಸೀತು. ಆದರೆ ತೊಂಬತ್ತರ ದಶಕದ ದಿನಚರಿಯ ಒಂದು ಪುಟದಲ್ಲಿ ನನ್ನದೇ ಅಕ್ಷರ ಸಾಕ್ಷಿ ಹೇಳುತ್ತದೆ: ‘ರೆಸಿಸ್ಟರ್ ಮುಟ್ಟಿದೆ. ಸುಟ್ಟಿತು.’

ಆಗ ನಾನು ಪಾಂಡವಪುರದಲ್ಲಿ ಉಪನ್ಯಾಸಕ. ಮೈಸೂರಿನ ಗೆಳೆಯನೊಬ್ಬ ಬೇಸತ್ತು ಕೈಬಿಟ್ಟ, ಮೊಲದ ಗಾತ್ರದ ರೇಡಿಯೋ ನಿಯಂತ್ರಿತ ಕಾರೊಂದು ನನ್ನ ಪಾಲಿಗೆ ಬಂದಿತ್ತು. ಅದರ ವೇಗ ನಿಯಂತ್ರಕ ಹಳೆಯ ಮಾದರಿಯದು: ನಿಧಾನವಾಗಿ ಹೋಗೆಂದರೆ, ಬ್ಯಾಟರಿಯ ಶಕ್ತಿಯ ಒಂದು ಪಾಲನ್ನು ಮೋಟಾರಿಗೆ ಕೊಡದೆ, ಬೆರಳುದ್ದದ ರೆಸಿಸ್ಟರಿನಲ್ಲಿ ಕಾಯಿಸಿ ಗಾಳಿಗೆ ಬಿಡುತ್ತಿತ್ತು. ತೊಣ್ಣೂರು ಕೆರೆ ಏರಿಯ ಈ ತುದಿಯಿಂದ ಆ ತುದಿಗೆ ಇದನ್ನು ಓಡಿಸಿ ತೋರಿಸುವೆನೆಂದು ತರಗತಿಯಲ್ಲಿ ಘೋಷಿಸಿಬಿಟ್ಟೆ.

ಮೊದಲ ಭಾನುವಾರ ಉಪನ್ಯಾಸಕನಿಗೆ ಒಪ್ಪುವ ಗಾಂಭೀರ್ಯದಿಂದ, ರಿಮೋಟು ಹಿಡಿದು ಕಾರಿನ ಹಿಂದೆ ನಡೆದೆ. ಕಾಲು ದಾರಿಯೂ ಸವೆದಿರಲಿಲ್ಲ, ಹೊಗೆ ಎದ್ದಿತು.

“ಬೀಡಿ ಸೇದ್ತಾವ್ದೆ ಕಣ್ಲಾ ಕಾರು!” ಎಂದು ಹಿಂದಿನ ಬೆಂಚಿನವನೊಬ್ಬ ಕೂಗಿದ.

ಬೆರಳು ಸುಟ್ಟದ್ದು ಆಗಲೇ. ವಾರವಿಡೀ ಹಳೆಯ ಬುತ್ತಿ ಡಬ್ಬಿಯ ಅಲ್ಯುಮಿನಿಯಂ ಮುಚ್ಚಳ ಕತ್ತರಿಸಿ, ಬಿಸಿ ಹೀರುವ ರೆಕ್ಕೆಗಳನ್ನು ರೆಸಿಸ್ಟರಿಗೆ ತೊಡಿಸಿದೆ. ಕಾರಿನ ಮೈಗೆ ಗಾಳಿಕಿಂಡಿ ಕೊರೆದೆ. ಎರಡನೆಯ ಭಾನುವಾರವೂ ಅರ್ಧ ದಾರಿಯಲ್ಲಿ ಅದೇ ಹೊಗೆ. ಮರುದಿನ ವಿದ್ಯುತ್ತಿನ ಪಾಠವನ್ನು ಯಾವ ಮುಖ ಹೊತ್ತು ಮಾಡಲಿ? ಹುಡುಗರು ನಗುತ್ತಿದ್ದುದು ಕಾರನ್ನೋ, ನನ್ನ ಶಾಸ್ತ್ರವನ್ನೋ?

ಅಷ್ಟರಲ್ಲಿ ಕೆ.ಆರ್.ಪೇಟೆ ಕಡೆ ಕಬ್ಬು ಸಾಗಿಸಿ, ಟ್ರೈಲರು ಕಳಚಿ, ಬರಿಯ ಟ್ರಾಕ್ಟರಿನಲ್ಲಿ ಬರುತ್ತಿದ್ದ ನನ್ನ ಚಿಕ್ಕಪ್ಪನ ಮಗ ಜವರ ಇಳಿದು ಬಂದ. ಹೊಗೆಯನ್ನು ಮೂಸಿದ.

“ಅದ್ಯಾಕ್ಲಾ ಇಂಗೆ ಬಸವನುಳ ಓಡ್ದಂಗೆ ಓಡುಸ್ತಿದ್ದೀಯೆ?”

“ಬಿಸಿಯಾಗದಿರಲಿ ಅಂತ ಕಣೋ. ಜೊತೆಗೆ ನಾನೂ ಹಿಂದೆ ನಡೀಬೇಕಲ್ಲ.”

“ಎಂಎಸ್ಸಿ ಓದ್ಬುಟ್ಟು ಅರ್ಧ ಕ್ಲಚ್ಚು ತುಳ್ಕಂಡ್ ಓಯ್ತಾನಲ್ಲಪ್ಪ! ಪ್ಲೇಟು ಸುಡ್ದೆ ಇನ್ನೇನಾದದು? ಬುಟ್ರೆ ಪೂರ್ತಿ ಬುಡು, ಇಲ್ದಿದ್ರೆ ಎತ್ತಿ ಚೀಲಕ್ಕಾಕು.”

ಪೂರ್ತಿ ವೇಗದಲ್ಲಿ ವಿದ್ಯುತ್ತು ಆ ರೆಸಿಸ್ಟರಿನೊಳಗೆ ಹಾಯದೆ ನೇರ ಮೋಟಾರಿಗೆ ಹರಿಯುತ್ತದೆ. ಆ ಚಿತ್ರವನ್ನು ಕರಿಹಲಗೆಯ ಮೇಲೆ ಬರೆದವನು ನಾನೇ. ನನ್ನ ಎಚ್ಚರಿಕೆಯೇ ಅದನ್ನು ಸುಡುತ್ತಿತ್ತು. ಆ ಎಚ್ಚರಿಕೆಯಲ್ಲಿ ಅರ್ಧ ಪಾಲು, ಹುಡುಗರೆದುರು ಓಡಬಾರದೆಂಬ ಮರ್ಯಾದೆಯದು.

“ಪೂರ್ತಿ ಬಿಟ್ಟರೆ ನಾನು ಹಿಂದೆ ಬೀಳ್ತೀನಿ, ರೇಡಿಯೋ ತಲುಪೋದಿಲ್ಲ,” ಎಂದೆ.

“ಅತ್ಲಾ ಟ್ರಾಕ್ಟರ್ ಮಡ್‌ಗಾರ್ಡ್ ಮ್ಯಾಕೆ!”

ಕಾರು ಆರಿದ ಮೇಲೆ, ಬ್ಯಾಟರಿ ಬದಲಿಸಿ, ಏರಿಯ ಈಚೆ ತುದಿಯಿಂದ ಮತ್ತೆ ಹೊರಟೆವು. ಮುಂದೆ ಮೊಲದ ಗಾತ್ರದ ಕಾರು, ಹಿಂದೆ ಗುಡುಗುವ ಟ್ರಾಕ್ಟರು, ಅದರ ಮಡ್‌ಗಾರ್ಡಿನ ಮೇಲೆ ಒಂದು ಕೈಯಲ್ಲಿ ರಿಮೋಟು, ಇನ್ನೊಂದರಲ್ಲಿ ಜವರನ ಹೆಗಲು ಹಿಡಿದು ಎಗರುವ ಭೌತಶಾಸ್ತ್ರ. ಹಿಂದೆ ಹುಡುಗರು ಕೇಕೆ ಹಾಕುತ್ತ ಓಡಿ ಬರುತ್ತಿದ್ದರು. ಒಮ್ಮೆಯೂ ವೇಗ ತಗ್ಗಿಸದೆ ಕಾರು ಆಚೆ ತುದಿ ಮುಟ್ಟಿತು. ಆ ದಿನ ಉಬ್ಬಿದ ಎದೆ ಪೂರ್ತಿ ಇಳಿದಿಲ್ಲವೆಂದು ಯಾವ ಸಂಕೋಚವೂ ಇಲ್ಲದೆ ಬರೆಯುತ್ತೇನೆ. ದಿನಚರಿಯಲ್ಲಿ ಮಾತ್ರ ‘ಕಾರು ದಾಟಿತು’ ಎಂದಷ್ಟೇ ಇದೆ. ಟ್ರಾಕ್ಟರಿನ ಸುದ್ದಿಯೇ ಇಲ್ಲ. ನೆನಪಿಗಿಂತ ದಿನಚರಿ ಪ್ರಾಮಾಣಿಕವೆಂದು ಯಾರು ಹೇಳಿದರು?

ಇಳಿದವನೇ ರೆಸಿಸ್ಟರಿಗೆ ಬೆರಳಿಟ್ಟೆ. ಬಿಸಿಯಿರಲಿಲ್ಲ. ಇಟ್ಟದ್ದು ಅದೇ ಸುಟ್ಟ ಬೆರಳೆಂದು ಹೊಳೆದು, ಜವರನಿಗೆ ಮುಟ್ಟಲು ಹೇಳಿದೆ.

“ತಣ್ಣಗದೆ ಕಣ್ಲಾ,” ಎಂದ.

ಕಾಫಿ ಲೋಟವನ್ನು ಇಂದೂ ಆ ಬೆರಳಿನಿಂದಲೇ ಮುಟ್ಟುತ್ತೇನೆ. ಜವರ ಮನೆಗೆ ಬಂದ ದಿನ ಮಾತ್ರ ಲೋಟವನ್ನು ಮೊದಲು ಅವನ ಕೈಗೆ ಕೊಟ್ಟು, ಆರಿದೆಯೇ ಎಂದು ಕೇಳುತ್ತೇನೆ.