ಚಕ್ರವರ್ತಿಯ ಕೊಳದಲ್ಲಿ ಗೌಡರ ಬಲಗಾಲು

ತಪ್ಪು ನನ್ನದೇ, ಮೊದಲೇ ಹೇಳಿಬಿಡುತ್ತೇನೆ. ಕಂಡವರ ದನಿಯನ್ನೆಲ್ಲ ಅನುಕರಿಸುವ ಚಟ ನನಗೆ. ಯಾರೂ ಸಿಗದಿದ್ದರೆ ನನ್ನನ್ನೇ ಅನುಕರಿಸಿಕೊಂಡು ನಗುತ್ತೇನೆ.

2024ರ ಅಕ್ಟೋಬರ್. ಅಮೆರಿಕದ ಫೇರ್‌ಫ್ಯಾಕ್ಸ್‌ನ ಪ್ರವಾಸ ಸಂಸ್ಥೆಯೊಂದರಲ್ಲಿ ನಾನು ಟೂರ್ ಮ್ಯಾನೇಜರ್. ವರ್ಜೀನಿಯಾ, ಕೆರೊಲಿನಾಗಳ ಹದಿನೆಂಟು ಕನ್ನಡಿಗರನ್ನು ಚೀನಾಕ್ಕೆ ಕರೆದೊಯ್ದಿದ್ದೆ. ಷಿಯಾನ್ ನಗರದ ಬಳಿಯ ಹ್ವಾಚಿಂಗ್ ಅರಮನೆ ಬಿಸಿನೀರಿನ ಬುಗ್ಗೆಗಳಿಗೆ ಹೆಸರುವಾಸಿ. ಟಾಂಗ್ ವಂಶದ ಚಕ್ರವರ್ತಿ ಮೀಯುತ್ತಿದ್ದ ಕಲ್ಲಿನ ಕೊಳ ಅಲ್ಲಿದೆ. ಈಗ ಅದರಲ್ಲಿ ನೀರಿಲ್ಲ. ಸ್ಥಳೀಯ ಗೈಡ್ ಲಿನ್ ಮೈಕಿನಲ್ಲಿ ಹೇಳಿದ್ದು ಎಲ್ಲರ ಇಯರ್‌ಪೀಸಿನಲ್ಲಿ ಕೇಳುತ್ತಿತ್ತು. ಸಂಜೆಯ ಟ್ರೇನಿನ ಟಿಕೆಟ್ ವಿಚಾರಿಸಲು ಹೋಗುವಾಗ ಆಕೆ ಮೈಕನ್ನು ನನ್ನ ಕೈಗಿತ್ತಳು. ಕೊಡಬಾರದಿತ್ತು.

ಅವಳದೇ ದನಿಯಲ್ಲಿ, ಅವಳದೇ ರಾಗದ ಇಂಗ್ಲಿಷಿನಲ್ಲಿ ಉಲಿದೆ: “ಪ್ರಿಯ ಅತಿಥಿಗಳೇ, ಮಂಡಿ ನೋವಿರುವವರು ಬರಿಗಾಲಲ್ಲಿ ಕೊಳಕ್ಕಿಳಿಯಬಹುದು. ಕಲ್ಲು ಇನ್ನೂ ಬೆಚ್ಚಗಿದೆ.”

ರಾಲಿಯ ಶಂಕರಗೌಡ ಅಂಕಲ್, ವಿಜಯಪುರ ಮೂಲದ ನಿವೃತ್ತ ಎಂಜಿನಿಯರ್, ಆಗಲೇ ಮುಂದೆ ಹೋಗಿದ್ದರು. ಹಳೆಯ ಕೊಳ ಕಂಡರೆ ಕಾಲಿನದನ್ನು ಬಿಡುವುದು ನಮ್ಮವರ ರೂಢಿ. ಅವರ ಶೂ ಆಗಲೇ ಕೈಯಲ್ಲಿತ್ತು. ಕಿವಿಯಲ್ಲಿ ಲಿನ್‌ಳ ಅಪ್ಪಣೆಯೂ ಸಿಕ್ಕಿತಲ್ಲ, ಹಗ್ಗ ದಾಟಿ ಬಲಗಾಲಿಟ್ಟರು. ಅಲಾರಂ ಕೂಗಿಕೊಂಡಿತು.

ಕಾವಲು ಅಧಿಕಾರಿ ಬಂದು ಯಾರು ಹೇಳಿದ್ದೆಂದು ಕೇಳಿದ. ಓಡಿ ಬರುತ್ತಿದ್ದ ಲಿನ್ ಕಡೆ ಅಂಕಲ್ ಪ್ರಾಮಾಣಿಕವಾಗಿ ಬೆರಳು ತೋರಿಸಿದರು. ಆತ ಅವಳ ಕೊರಳಿನ ಲೈಸೆನ್ಸ್ ಕಾರ್ಡ್ ಕೇಳಿ ಪಡೆದ. ದೂರು ದಾಖಲಾದರೆ ಅವಳ ಕೆಲಸ ಹೋದಂತೆಯೇ.

“ಹೇಳಿದ್ದು ನಾನು” ಎಂದೆ. ಆತ ನಂಬಲಿಲ್ಲ.

ಫೋರ್ಟ್ ಮಿಲ್‌ನ ವತ್ಸಲಾ ಆಂಟಿ ನನ್ನ ತೋಳು ಜಗ್ಗಿದರು. “ಸುಮ್ನಿರೋ, ನಿನ್ ಜಾಬ್ ಹೋಗತ್ತೆ. ಟ್ರೇನ್ ಬೇರೆ ಮಿಸ್ ಆಗತ್ತೆ.”

“ಟ್ರೇನ್ ಹೋದ್ರ ಹೋಗ್ಲಿ ಬಿಡ್ರೀ” ಎಂದು ಅಂಕಲ್ ಗುಡುಗಿದರು. “ಆ ಹುಡುಗಿ ಕಾರ್ಡ್ ಸಿಗೂತನಕ ನಾವ್ ಇಲ್ಲಿಂದ ಅಲ್ಲಾಡಂಗಿಲ್ಲ. ತಮ್ಮಾ, ಇನ್ನೊಮ್ಮೆ ಮಾಡಿ ತೋರ್ಸು.”

ಆಂಟಿಯೇ ಮೊದಲು ಕಲ್ಲುಬೆಂಚಿನಲ್ಲಿ ಕುಳಿತರು. ಹಿಂದೆಯೇ ಉಳಿದವರೂ. ಆ ಹದಿನೆಂಟು ಜನರ ಸಾಲನ್ನು ನೆನೆದರೆ ಇಂದಿಗೂ ನನ್ನ ಎದೆ ಉಬ್ಬುತ್ತದೆ.

ಲಿನ್ ಬಾಯಿಗೆ ಕೈ ಅಡ್ಡ ಹಿಡಿದು ನಿಂತಳು. ನಾನು ಅಕ್ಷರ ಬಿಡದೆ ಮತ್ತೆ ಉಲಿದೆ. ಅಷ್ಟು ಚೆನ್ನಾಗಿ ನಾನು ಎಂದೂ ಮಾಡಿರಲಿಲ್ಲ. ಒಬ್ಬರ ದನಿಯನ್ನು ಎತ್ತಿಕೊಂಡವನು ಅದು ತರುವ ಪೆಟ್ಟಿಗೂ ತಾನೇ ಬೆನ್ನೊಡ್ಡಬೇಕು ಎಂಬುದನ್ನು ನನ್ನ ಕೆಲಸ ಅಂದು ಕಲಿಸಿತು.

ಅಧಿಕಾರಿ ಅವಳ ಮುಚ್ಚಿದ ಬಾಯಿಯನ್ನೂ ನನ್ನ ಬಾಯಿಯನ್ನೂ ಮತ್ತೆ ಮತ್ತೆ ನೋಡಿದ. ನಮಗೂ ತಿಳಿಯಲೆಂದು ಇಂಗ್ಲಿಷಿನಲ್ಲೇ ಕೇಳಿದ: “ಇದು ನಿನ್ನ ದನಿಯೇ?”

ಅವಳ ಉತ್ತರಕ್ಕೆ ಆತ ನಕ್ಕುಬಿಟ್ಟು, ಕಾರ್ಡನ್ನು ಅವಳ ಕೈಗಿಟ್ಟ. ಅವಳು ಹೇಳಿದ್ದು ಇಷ್ಟೇ:

“ದನಿ ನನ್ನದೇ ಸರ್. ಬುದ್ಧಿ ಮಾತ್ರ ಅವರದು.”