ಪೂವಮ್ಮನ ಕೆಂಪು ಕಲ್ಲಿನ ಉಂಗುರ

ಐವತ್ತರ ದಶಕದ ಕೊನೆಗೆ ಪಂಜದ ಆಸುಪಾಸಿನಲ್ಲಿ ಹುಟ್ಟಿದ ಮಕ್ಕಳನ್ನು ಮೊದಲು ಹಿಡಿದ ಕೈ ಹೆತ್ತಮ್ಮನದ್ದಲ್ಲ, ಪೂವಮ್ಮನದ್ದು. ಸರಕಾರದ ಸೂಲಗಿತ್ತಿಯಾಗಿ ಆ ಊರಿಗೆ ಬಂದಾಗ ಅವಳಿಗಿನ್ನೂ ಚಿಕ್ಕ ಪ್ರಾಯ. ಬಿಳಿ ಸೀರೆ, ಕೈಯಲ್ಲಿ ಒಂದು ತಗಡಿನ ಪೆಟ್ಟಿಗೆ. ಅದರೊಳಗೆ ಕತ್ತರಿ, ನೂಲು, ಹತ್ತಿ, ಕೆಂಪು ಸಾಬೂನು. ಉಗುರನ್ನು ಚರ್ಮಕ್ಕೆ ಅಂಟುವಷ್ಟು ಗಿಡ್ಡ ಕತ್ತರಿಸಿಕೊಳ್ಳುತ್ತಿದ್ದಳು. ಬಳೆ ತೊಡುತ್ತಿರಲಿಲ್ಲ.

"ಎಂತ ನರ್ಸಮ್ಮ, ಮದುವೆಯಾಗ್ಲಿಕ್ಕಿರುವ ಹುಡುಗಿಯ ಕೈ ಹೀಗೆ ಬೋಳು ಇರುದಾ?" ಎಂದು ಹೆಂಗಸರು ಕೇಳಿದರೆ ಅವಳು ನಗುತ್ತಿದ್ದಳು.

"ನಿಮ್ಮ ಮಗು ಹೊರಗೆ ಬರುವಾಗ ನನ್ನ ಬಳೆ ಕಚ್ಚುದು ಬೇಡ ಅಂತ ಅಕ್ಕ."

ಅಂಥ ಕೈಗೆ ಒಂದು ಉಂಗುರ ಬಂದು ಕೂತದ್ದು ಸೆಕೆಗಾಲದ ಒಂದು ಭಾನುವಾರ.

ಅವಳ ಕಡೆಯವರಲ್ಲಿ ಮದುವೆ ನಿಶ್ಚಯ ಎಂದರೆ ವೀಳ್ಯ. ಎರಡೂ ಮನೆಯ ಹಿರಿಯರು ಚಾಪೆಯ ಮೇಲೆ ಎದುರುಬದುರು ಕೂತು ಎಲೆ ಅಡಿಕೆ ಬದಲಾಯಿಸಿಕೊಂಡರೆ ಮಾತು ಮುಗಿಯಿತು. ಉಂಗುರ ಆಗಿನ್ನೂ ಪೇಟೆಯ ಹೊಸ ಮರುಳು. ಆದರೆ ಹುಡುಗ ಅಚ್ಚುತ ಪುತ್ತೂರಿನಿಂದ ಸುಬ್ರಹ್ಮಣ್ಯಕ್ಕೆ ಹೋಗುವ ಬಸ್ಸಿನ ಕಂಡಕ್ಟರು. ದಿನಾ ಪುತ್ತೂರು ಪೇಟೆ ಕಾಣುವವನು. ಹಿರಿಯರ ವೀಳ್ಯ ಮುಗಿದ ಮೇಲೆ ಜೇಬಿನಿಂದ ಪೊಟ್ಟಣ ತೆಗೆದು ತಾಯಿಯ ಕೈಗೆ ಕೊಟ್ಟ. ಬಿಚ್ಚಿದರೆ ತಾವರೆ ಹೂವಿನ ಉಂಗುರ. ಎಸಳೆಲ್ಲ ಚೂಪು, ನಡುವೆ ಗೋಪುರದ ಹಾಗೆ ಎದ್ದು ನಿಂತ ಕೆಂಪು ಕಲ್ಲು. ಹುಡುಗಿಯ ಮನೆಯವರೂ ಬಿಡಲಿಲ್ಲ. ಅವನಿಗೊಂದು ಚೌಕದ ಉಂಗುರ ಮಾಡಿಸಿಟ್ಟಿದ್ದರು.

ಅಚ್ಚುತನ ತಾಯಿ ತಿಮ್ಮಕ್ಕ ನರಿಮೊಗರಿನವರು. ಮಾತು ಕಡಿಮೆ, ಆಡಿದ್ದು ಖಡಕ್ಕು. ಪೂವಮ್ಮನ ಬೆರಳಿಗೆ ಉಂಗುರ ತೊಡಿಸಿ, "ಮದುವೆ ಚಪ್ಪರದವರೆಗೆ ಇದನ್ನು ಬೆರಳಿಂದ ತೆಗೀಬಾರದು. ತೆಗೆದ್ರೆ ಸಂಬಂಧ ನಿಲ್ಲುದಿಲ್ಲ," ಎಂದರು.

ಉಂಗುರ ದೊಡ್ಡದಾಗಿತ್ತು. ಟಿಕೇಟು ಕೊಡುವಾಗ ಕಂಡ ಬೆರಳನ್ನು ನೆನಪಿನಲ್ಲೇ ಅಳೆದು ಅಚ್ಚುತ ಅಕ್ಕಸಾಲಿಗನಿಗೆ ಹೇಳಿದ್ದನಂತೆ. ಆ ವಿಷಯ ಕಿವಿಗೆ ಬಿದ್ದಾಗ ಪೂವಮ್ಮನ ಕೆನ್ನೆ ಬಿಸಿಯಾಯಿತು. ಜಾರದ ಹಾಗೆ ಉಂಗುರದ ಅಡಿಗೆ ನೂಲು ಸುತ್ತಿ ಬಿಗಿ ಮಾಡಿಕೊಂಡಳು.

ಸಾಬೂನು, ಬಿಸಿನೀರು, ಫಿನಾಯಿಲಿನಲ್ಲಿ ದಿನಾ ಮುಳುಗುವ ಕೈ ಅದು. ನೂಲು ಒದ್ದೆಯಾಗುತ್ತಿತ್ತು, ಒಣಗುತ್ತಿರಲಿಲ್ಲ. ವಾರ ಕಳೆಯುವುದರೊಳಗೆ ಬೆರಳ ಬುಡ ಬೆಳ್ಳಗೆ ಮೆತ್ತಗಾಗಿ ನಾರತೊಡಗಿತು. ನೂಲು ಬದಲಾಯಿಸಿದಳು, ಮತ್ತೆ ಬದಲಾಯಿಸಿದಳು. ಊರವರಿಗೆ ಕೈ ತೊಳೆಯಿರಿ ಎಂದು ಹೇಳಿಕೊಡುವ ತನ್ನ ಕೈಯಲ್ಲೇ ಕೊಳೆ! ಒಂದು ದಿನ ಆಗಷ್ಟೇ ಹುಟ್ಟಿದ ಕೂಸನ್ನು ಒರೆಸುವಾಗ ತಾವರೆಯ ಎಸಳು ಅದರ ಬೆನ್ನಿಗೆ ಗೀರಿತು. ಮುಳಿಹುಲ್ಲಿನ ಅಂಚು ತಾಗಿದಂಥ ಸಪೂರ ಕೆಂಪು ಗೆರೆ. "ಅದೆಂತ ಮಹಾ, ನಾಳೆಗೆ ಮಾಸ್ತದೆ ಬಿಡಿ," ಎಂದಳು ಮಲಗಿದ್ದ ತಾಯಿ. ಪೂವಮ್ಮನಿಗೆ ಆ ದಿನ ಊಟ ಸೇರಲಿಲ್ಲ.

ಆಮೇಲೆ ಕೆಲಸದ ಹೊತ್ತಿಗೆ ಉಂಗುರ ತೆಗೆದು ಸೆರಗಿನ ತುದಿಗೆ ಗಂಟು ಹಾಕತೊಡಗಿದಳು. ಹೊರಡುವಾಗ ಮತ್ತೆ ನೂಲು ಸುತ್ತಿ ತೊಡುತ್ತಿದ್ದಳು. ತೆಗೆಯುವಾಗೆಲ್ಲ ತಿಮ್ಮಕ್ಕನ ಮಾತು ಕಿವಿಯಲ್ಲಿ ಕುಟುಕುತ್ತಿತ್ತು. ಅಚ್ಚುತ ಕೈತಪ್ಪಿ ಹೋಗುವುದು ಅವಳಿಗೆ ಬೇಡವಾಗಿತ್ತು. ಇನ್ನೊಂದು ಕೂಸಿನ ಮೈಮೇಲೆ ಗೆರೆ ಬೀಳುವುದೂ ಬೇಡವಾಗಿತ್ತು.

ಹೀಗಿರುವಾಗ ಪಂಜಕ್ಕಿಂತ ಸ್ವಲ್ಪ ಈಚೆ, ಪುತ್ತೂರಿನ ರಸ್ತೆ ಬದಿಯ ಜೈನಬಮ್ಮನ ಮನೆಯಿಂದ ಕರೆ ಬಂತು. ಬ್ಯಾರಿ ಮುಸಲ್ಮಾನರ ಮನೆ, ಮಗಳ ಚೊಚ್ಚಲ ಹೆರಿಗೆ. ಪೂವಮ್ಮ ಸೆರಗಿಗೆ ಗಂಟು ಹಾಕುವ ಗಡಿಬಿಡಿ ನೋಡಿ ಜೈನಬಮ್ಮ, "ಇಲ್ಲಿ ಕೊಡು ಮಗಳೇ, ನಾನು ಇಟ್ಟುಕೊಳ್ತೇನೆ. ನೀನು ಅವಳನ್ನು ನೋಡು," ಎಂದು ಉಂಗುರ ತೆಗೆದುಕೊಂಡು ತನ್ನ ಎಲೆಯಡಿಕೆ ಪೆಟ್ಟಿಗೆಗೆ ಹಾಕಿದಳು.

ಬಿಸಿಲೇರುವ ಹೊತ್ತಿಗೆ ಮನೆ ತುಂಬುವ ಹಾಗೆ ಅಳುವ ಗಂಡುಮಗು. ಅಜ್ಜಿಯಾದ ಖುಷಿಗೆ ಜೈನಬಮ್ಮ ಉಂಗುರ ಮರೆತಳು. ಪೂವಮ್ಮನೂ ಮರೆತಳು. ಅಷ್ಟರಲ್ಲಿ ರಸ್ತೆಯಲ್ಲಿ ಬಸ್ಸಿನ ಸದ್ದು ಕೇಳಿ, ತನ್ನ ತಗಡಿನ ಪೆಟ್ಟಿಗೆ ಹಿಡಿದು ಓಡಿ ಹತ್ತಿದಳು.

ಅಚ್ಚುತ ಬಸ್ಸಿನ ಮೇಲೆ ಬಾಳೆಗೊನೆ ಕಟ್ಟುತ್ತಿದ್ದ. ಒಳಗೆ ಮುಂದಿನ ಸೀಟಿನಲ್ಲಿ ಸುಬ್ರಹ್ಮಣ್ಯಕ್ಕೆ ಹೊರಟ ತಿಮ್ಮಕ್ಕ.

"ಬಾ, ಕೂತುಕೊ," ಎಂದವರು ಸರಿದು ಜಾಗ ಮಾಡಿದರು. ಕಣ್ಣು ಸೀದಾ ಬೆರಳಿಗೆ ಹೋಯಿತು. ಅಲ್ಲಿದ್ದದ್ದು ನೂಲಿನ ಬಿಳಿ ಗುರುತು ಮಾತ್ರ.

"ಉಂಗುರ ಎಲ್ಲಿ?"

ಪೂವಮ್ಮ ಬೆರಳು ಮುಟ್ಟಿ ನೋಡಿಕೊಂಡಳು. "ಜೈನಬಮ್ಮನ ಮನೇಲಿ ಉಂಟು ಅತ್ತೆ. ಹೆರಿಗೆಗೆ ತೆಗೆದದ್ದು, ಮರೆತುಹೋಯ್ತು."

"ಮರೆಯುದಾ! ಉಂಗುರ ಅಂದ್ರೆ ಎಂತ, ಕೊಡೆಯಾ ಬಿಟ್ಟು ಬರ್ಲಿಕ್ಕೆ?"

ಹಿಂದಿನ ಸೀಟಿನಲ್ಲಿ ಯಾರೋ ಕಿಸಕ್ಕೆಂದರು. ತಿಮ್ಮಕ್ಕ ದನಿ ತಗ್ಗಿಸಿದರು. "ಇದೊಂದೇ ಸಲವಾ ತೆಗೆದದ್ದು?"

ಹೌದು ಎಂದರೆ ಮುಗಿಯುತ್ತಿತ್ತು. ಪೂವಮ್ಮ ತನ್ನ ಕೈಗಳನ್ನು ಮಡಿಲಲ್ಲಿಟ್ಟು ನೋಡಿಕೊಂಡಳು. ಇನ್ನೂ ಸಾಬೂನಿನ ವಾಸನೆ ಇತ್ತು.

"ಅಲ್ಲ ಅತ್ತೆ. ಪ್ರತಿ ಸಲ ತೆಗೀತೇನೆ. ಒಂದು ಮಗುವಿನ ಬೆನ್ನಿಗೆ ಗೀರಿತು. ನಾಳೆ ಕರೆ ಬಂದ್ರೂ ತೆಗೀತೇನೆ. ನಿಮಗೆ ಬೇಸರ ಆದ್ರೆ…"

ತಿಮ್ಮಕ್ಕ ಕಿಟಕಿಯ ಕಡೆ ಮುಖ ತಿರುಗಿಸಿದರು. ಅಚ್ಚುತ ಏಣಿ ಇಳಿದು ಬಾಗಿಲಲ್ಲಿ ನಿಂತ, ಬಸ್ಸು ಹೊರಟಿತು. ಅಷ್ಟರಲ್ಲಿ ಹಿಂದಿನಿಂದ, "ನಿಲ್ಲಿಸಿ ಮಾರಾಯ್ರೆ, ನಿಲ್ಲಿಸಿ!" ಎಂಬ ಬೊಬ್ಬೆ. ಜೈನಬಮ್ಮ ಎಲೆಯಡಿಕೆ ಪೆಟ್ಟಿಗೆ ಎತ್ತಿ ಹಿಡಿದು ಓಡಿ ಬರುತ್ತಿದ್ದಳು. ಅಚ್ಚುತ ಅಂಗಿಯ ಒಳಗಿಂದ ಸೀಟಿಯ ದಾರವನ್ನು ಸರ್ರನೆ ಎಳೆದು ಊದಿದ.

ಬಸ್ಸು ನಿಂತಿತು. ಸೀಟಿಯ ಪಕ್ಕ, ಅದೇ ದಾರದಲ್ಲಿ, ಚೌಕದ ಉಂಗುರ ನೇತಾಡುತ್ತಿತ್ತು.

ತಿಮ್ಮಕ್ಕ ನೋಡಿದರು. ಪೂವಮ್ಮನೂ ನೋಡಿದಳು. ಅಚ್ಚುತ ಸೀಟಿ ಬಾಯಲ್ಲಿಟ್ಟುಕೊಂಡೇ ನಿಂತ.

"ನಿನ್ನದೂ ಬೆರಳಲ್ಲಿಲ್ಲವಾ?"

"ಏಣಿ ಇಳಿಯುವಾಗ ಕೊಕ್ಕೆಗೆ ಸಿಕ್ಕಿತಮ್ಮ. ಬೆರಳೇ ಹೋಗ್ಲಿಕ್ಕಿತ್ತು. ನಿಮ್ಮ ಹೆದರಿಕೆಗೆ ಹೇಳಲಿಲ್ಲ."

ಏದುಸಿರು ಬಿಡುತ್ತ ಜೈನಬಮ್ಮ ಕಿಟಕಿಯಿಂದ ಪೆಟ್ಟಿಗೆ ನೀಡಿದಳು. "ನಿನ್ನ ಚಿನ್ನ ಇಲ್ಲಿ ಸುಣ್ಣ ತಿಂತಾ ಕೂತಿತ್ತು ಮಗಳೇ!" ಮುಚ್ಚಳ ತೆಗೆದರೆ ಹಸಿರು ವೀಳ್ಯದೆಲೆಯ ಮೇಲೆ ತಾವರೆ ಉಂಗುರ, ಎಸಳಿಗೆ ಸುಣ್ಣ ಮೆತ್ತಿತ್ತು. ಅದನ್ನೆತ್ತಿ ತಿಮ್ಮಕ್ಕ ಸೆರಗಿನಿಂದ ಒರೆಸಿದರು. ಒಂದು ಎಸಳನ್ನು ತಮ್ಮ ಹೆಬ್ಬೆರಳಿಗೆ ಮೆಲ್ಲಗೆ ಒತ್ತಿ ನೋಡಿದರು, ಕೈ ಹಿಂದೆಗೆದರು.

"ಎಷ್ಟು ದೊಡ್ಡ ಮಗು?" ಎಂದು ಕೇಳಿದ್ದು ಜೈನಬಮ್ಮನನ್ನು.

"ಗಟ್ಟಿ ಉಂಟು ಅಕ್ಕ. ನಿಮ್ಮ ಸೊಸೆ ಕೈಯಲ್ಲಿ ಹಿಡಿದದ್ದು ಹೂವು ಹಿಡಿದ ಹಾಗೆ."

ತಿಮ್ಮಕ್ಕ ಪೂವಮ್ಮನ ಕುತ್ತಿಗೆಯ ಸರದ ಕೊಂಡಿ ಬಿಚ್ಚಿ ಉಂಗುರ ಪೋಣಿಸಿ ಮತ್ತೆ ಹಾಕಿದರು. "ಸೆರಗಿಗೆ ಕಟ್ಟಿದ್ರೆ ಬಿದ್ದುಹೋಗ್ತದೆ. ಬೆರಳಾದ್ರೇನು, ಕುತ್ತಿಗೆಯಾದ್ರೇನು, ಮೈಮೇಲೆ ಇದ್ರಾಯ್ತು." ಆಮೇಲೆ ಮಗನ ಕಡೆ ತಿರುಗಿ, "ಗೋಪುರ ತಂದು ಬೆರಳಿಗೆ ಕೂರಿಸಿದ್ದಾನೆ, ಬುದ್ಧಿವಂತ! ತಗೊಳ್ಳುವ ಮೊದಲು ಹುಡುಗಿ ಎಂತ ಕೆಲಸ ಮಾಡುದು ಅಂತ ನೆನಪು ಬೇಡವಾ?"

ಬಸ್ಸಿಗೆ ಬಸ್ಸೇ ನಕ್ಕಿತು. ಆ ದಿನ ಅಚ್ಚುತ ತನ್ನ ತಾಯಿಗೇ ಟಿಕೇಟು ಕೊಡಲು ಮರೆತ.

ಮದುವೆಯಾದ ಮೇಲೆ ಆ ತಾವರೆಯನ್ನು ಕರಗಿಸಿ, ಕಲ್ಲಿಲ್ಲದ, ಮಟ್ಟಸವಾದ ಒಂದು ಬಳೆಯುಂಗುರ ಮಾಡಿಸಿದರು. ಕೆಂಪು ಕಲ್ಲು ಮುಂದೆ ಹುಟ್ಟುವ ಮಗಳ ಮೂಗುತಿಗೆ ಕಾದು ಕೂತಿತು. ಮನೆಯಲ್ಲಿ ಅಕ್ಕಿ ತೊಳೆಯುವಾಗ, ಸ್ವಂತ ಕೂಸಿಗೆ ಎಣ್ಣೆ ಹಚ್ಚುವಾಗ ಆ ಉಂಗುರ ಪೂವಮ್ಮನ ಬೆರಳಿನಲ್ಲೇ ಇರುತ್ತಿತ್ತು, ಯಾರನ್ನೂ ಗೀರಲಿಲ್ಲ. ಆದರೂ ಹೆರಿಗೆಗೆ ಕರೆ ಬಂದರೆ ಅದನ್ನು ತೆಗೆದು ಸರಕ್ಕೆ ಪೋಣಿಸುವ ಅಭ್ಯಾಸ ಬಿಡಲಿಲ್ಲ.

ಅರವತ್ತರ ದಶಕದಲ್ಲಿ ಆ ರಸ್ತೆಯ ಹೆಂಗಸರಿಗೆಲ್ಲ ಇದು ಗೊತ್ತಿತ್ತು. ಅವಳು ಪೆಟ್ಟಿಗೆ ಹಿಡಿದು ಬೇಗ ಬೇಗ ನಡೆಯುವಾಗ ಕುತ್ತಿಗೆಯಲ್ಲಿ ಉಂಗುರ ಹೊಳೆದರೆ, ಅಂಗಳದಲ್ಲಿ ಗುಡಿಸುತ್ತಿದ್ದವರು ಹಿಡಿಸೂಡಿ ನಿಲ್ಲಿಸಿ ಕೇಳುತ್ತಿದ್ದರು:

"ಇವತ್ತು ಯಾರ ಮನೆಗೆ ನರ್ಸಮ್ಮ?"