ತಣಿಯುವ ತೊಲೆಯ ಜೊತೆ ಚೌಕಾಸಿ

ಗೋಡೌನು ಕಟ್ಟಿಸುವವರು ಇವತ್ತಿಗೂ ನನ್ನ ಸಲಹೆ ಕೇಳಲು ಬರುತ್ತಾರೆ. ಕೇಳದವರಿಗೂ ನಾನು ಹೇಳುವವನೇ. ತೊಲೆ ಎಷ್ಟು ದಪ್ಪ ಎಂದು ಆಮೇಲೆ ನೋಡಿ, ಮೊದಲು ಅದು ಕಂಬಕ್ಕೆ ಕೂಡುವ ಜಾಗ ನೋಡಿ. ಬೆಂಕಿ ಬಿದ್ದರೆ ಉಕ್ಕಿನ ಕಟ್ಟಡದ ಹಣೆಬರಹ ಇರುವುದು ಅಲ್ಲಿನ ನಾಲ್ಕು ಬೋಲ್ಟುಗಳಲ್ಲಿ. ಇದನ್ನು ನನಗೆ ಹೇಳಿದವನು ಒಬ್ಬ ಮೇಸ್ತ್ರಿ. ಹೇಳಿದ ದಿನವೇ ಸತ್ತ.

ಎಪ್ಪತ್ತರ ದಶಕ. ಬಬಲೇಶ್ವರದಲ್ಲಿ ಹತ್ತಿ ಗಂಟು ಹೊತ್ತು ಬದುಕು ಶುರು ಮಾಡಿದ ನಾನು, ಅಷ್ಟರಲ್ಲಿ ತಿಕೋಟಾ ಹತ್ತಿರ ಸ್ವಂತ ಗೋಡೌನು ಮಾಡಿಕೊಂಡಿದ್ದೆ. ಅದರ ಉಕ್ಕಿನ ಕೆಲಸವೆಲ್ಲ ವಿಜಾಪುರದ ಆ ಮೇಸ್ತ್ರಿಯದು. ಹತ್ತು ವರ್ಷದ ಗೆಳೆಯ. ನಾನು ಎಲ್ಲಿ ಹೋದರೂ ಚೌಕಾಸಿ ಬಿಡದವನು. ಅವನು ಯಾವುದಕ್ಕೂ ಅವಸರ ಮಾಡದವನು. ಏಣಿ ಹತ್ತುವ ಮುಂಚೆ ಒಂದೊಂದು ಮೆಟ್ಟಿಲನ್ನೂ ಅಲ್ಲಾಡಿಸಿ ನೋಡುತ್ತಿದ್ದ.

ಒಂದು ಬೆಳಿಗ್ಗೆ ಹತ್ತಿಗೆ ಕಿಡಿ ಬಿತ್ತು. ಬಾವಿ ನೀರು ಸುರಿದು ಸುರಿದು ಮಧ್ಯಾಹ್ನದ ಹೊತ್ತಿಗೆ ಆರಿಸಿದೆವು. ನಡುವಿನ ತೊಲೆಗಳು ತೊಟ್ಟಿಲಿನಂತೆ ಜೋತಿದ್ದವು, ಆದರೆ ಬಿದ್ದಿರಲಿಲ್ಲ. ಹಿಂಭಾಗದ ಹತ್ತಿ ಮೂಟೆಗಳು ಹಾಗೇ ಉಳಿದಿದ್ದವು. ನನ್ನ ಕಣ್ಣೆಲ್ಲ ಅವುಗಳ ಮೇಲೆ. ಸುದ್ದಿ ತಿಳಿದು ಸೈಕಲ್ ತುಳಿದುಕೊಂಡು ಬಂದ ಮೇಸ್ತ್ರಿ ಮೇಲೆ ನೋಡಿದವನೇ ತಲೆ ಅಲ್ಲಾಡಿಸಿದ.

"ಇವತ್ತ ಯಾರೂ ಒಳಗ ಹೋಗಬ್ಯಾಡ್ರಿ ಸಾವ್ಕಾರ್ರ. ನಾಳೆ ನೋಡೂಣು."

"ನಾಳೆತನಾ ಹತ್ತಿ ಹೊಗಿ ಕುಡಕೋತ ಕುಂಡರತೈತೇನೋ? ಒಂದ ತಾಸ ಸಾಕು."

"ತಾಸ? ಉಳ್ಳಾಗಡ್ಡಿ ಯಾಪಾರ ಮಾಡಾಕತ್ತೀರೇನ್ರಿ?"

ಮೂಟೆ ಹೊರಲು ನಿಂತಿದ್ದ ಹಮಾಲರು ನಕ್ಕರು. ನಾನು ಕಂಬ ಮುಟ್ಟಿ ತೋರಿಸಿದೆ. "ನೋಡಿಲ್ಲೆ, ತಣ್ಣಗಾಗೈತಿ."

"ಕೆಳಗ ತಣ್ಣಗೈತ್ರಿ. ಮ್ಯಾಲ ಇನ್ನೂ ತಣ್ಣಗಾಗಾಕತ್ತೈತಿ, ಅದಕ್ಕs ಅಂಜಿಕಿ. ಗಾಡಿ ಗಾಲಿಗೆ ಕಬ್ಬಿಣದ ಪಟ್ಟಿ ಏರಸೋದು ನೋಡೀರಿಲ್ಲ? ಕಾದಾಗ ಸಡ್ಲ ಇರತೈತಿ. ನೀರ ಹಾಕಿದ ಕೂಡ್ಲೆ ಹೆಂಗ ಹಿಂಡತೈತಿ? ಈ ತೊಲಿನೂ ಹಂಗs ಜಗ್ಗತೈತ್ರಿ. ಜಗ್ಗಿದ್ರ ಬೋಲ್ಟ ತಡೀಬೇಕಲ್ಲ?"

"ಅದು ಗಾಲಿ, ಇದು ಗೋಡೌನು. ಉರಿಯಾಗ ಬೀಳದ್ದು ಈಗ ಬೀಳತೈತೇನು? ಮುದುಕೀಗಿಂತ ಅಂಜುಬುರುಕ ಆದ್ಯೋ ಯಪ್ಪಾ!"

ಅವನು ನಾಳೆ ಮುಂಜಾನೆ ಎಂದ, ನಾನು ಈಗಲೇ ಎಂದೆ. ಅವನು ಹೊತ್ತು ಮುಳುಗಲಿ ಎಂದ, ನಾನು ಮೂರು ಗಂಟೆ ಎಂದೆ. ನಾಲ್ಕಕ್ಕೆ ಒಪ್ಪಿಸಿದೆ. ವ್ಯಾಪಾರ ಕುದುರಿದಾಗ ಆಗುವ ಖುಷಿ ಆಗಲೂ ಆಯಿತು, ಸುಳ್ಳು ಏಕೆ ಹೇಳಲಿ.

ನಾಲ್ಕಕ್ಕೆ ಹಮಾಲರು ಎದ್ದಾಗ ಅವನು ಕೈ ಅಡ್ಡ ಹಿಡಿದ. "ಮೊದ್ಲ ನಾ ಒಬ್ನ ಹೋಗಿ ನೋಡ್ತೇನಿ. ಕರದಾಗ ಬರ್ರಿ."

ಅವನು ಒಳಗೆ ಹೋಗಿ ಸ್ವಲ್ಪ ಹೊತ್ತಿಗೆ ಬಂದೂಕು ಹಾರಿದಂಥ ಸದ್ದು. ಹಿಂದೆಯೇ ಇನ್ನೊಂದು. ತೊಲೆಯ ಒಂದು ತುದಿ ಕಂಬ ಬಿಟ್ಟು ಇಳಿಯಿತು, ಅದರೊಂದಿಗೆ ಮೇಲಿನದೆಲ್ಲ. ಅವನು ನಮ್ಮನ್ನು ಕರೆಯಲಿಲ್ಲ.

ಆಮೇಲೆ ಅಲ್ಲಿ ಸಿಕ್ಕ ಹರಿದ ಬೋಲ್ಟಿನ ತುಂಡನ್ನು ಅಂಗೈಯಲ್ಲಿಟ್ಟುಕೊಂಡು ಎಷ್ಟೋ ಸಲ ಲೆಕ್ಕ ಹಾಕಿದ್ದೇನೆ. ಕಾದ ತೊಲೆ ಉದ್ದವಾಗಲು ನೋಡುತ್ತದೆ. ಎರಡೂ ಕಡೆ ಕಂಬ ಬಿಡುವುದಿಲ್ಲ, ಹಾಗಾಗಿ ತನ್ನೊಳಗೇ ಅಮುಕಿಕೊಂಡು ಜೋಲುತ್ತದೆ. ತಣಿಯುವಾಗ ಗಿಡ್ಡಾಗುತ್ತದೆ. ಆದರೆ ಮೊದಲಿನ ಆಕಾರಕ್ಕೆ ಬರಲಾರದು, ಅದಕ್ಕೇ ಕಂಬವನ್ನು ಹಿಡಿದು ಎಳೆಯುತ್ತದೆ. ಆ ಎಳೆತವೆಲ್ಲ ಬೋಲ್ಟಿನ ಪಾಲಿಗೆ. ಉರಿ ತಡೆದ ಜೋಡಣೆ ತಣಿಯುವಾಗ ಹರಿಯುತ್ತದೆ. ಬೆಂಕಿ ಆರಿದ ಕಟ್ಟಡದೊಳಗೆ ಅವಸರ ಮಾಡಬೇಡಿ ಎಂದು ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತೇನೆ. ಹೇಳಿದರೆ ಏನು ಬಂತು? ಗಾಲಿಗೆ ಪಟ್ಟಿ ಏರಿಸುವುದನ್ನು ಬಬಲೇಶ್ವರದಲ್ಲಿ ಅವನಿಗಿಂತ ಹೆಚ್ಚು ಸಲ ನೋಡಿದವನು ನಾನು.

ಕೆಲವು ದಿನ ಬಿಟ್ಟು ಅವನ ಮನೆಗೆ ಹೋದೆ. ಅವರ ಪದ್ಧತಿಯಲ್ಲಿ ಗಂಡ ಸತ್ತ ಮೇಲೆ ಪರಗಂಡಸರ ಎದುರು ಬರಬಾರದ ದಿನಗಳು; ಅವನ ಹೆಂಡತಿ ಪರದೆಯ ಆಚೆ ಕುಳಿತಿದ್ದಳು. ನಾನು ಪಡಸಾಲೆಯಲ್ಲಿ.

"ಸ್ವಿಚ್ ಮುಟ್ಟಬೇಕಂದ್ರೂ ಕಾಲಾಗ ಚಪ್ಪಲಿ ಐತೋ ಇಲ್ಲೋ ನೋಡಕೊಂತಿದ್ರು," ಎಂದಳು. "ಅಂಥವರು ಹೆಂಗ್ರಿ ಒಳಗ ಹೋದ್ರು? ಯಾರರ ಹೋಗಂದ್ರೇನು?"

ಹೇಳಬೇಕೆಂದೇ ಹೋಗಿದ್ದೆ. ಬಾಯಿಗೆ ಬಂದದ್ದು ಬೇರೆ. "ಇಲ್ಲ ತಂಗಿ. ತಾನs ಹೋದಾ. ನಾ ಬ್ಯಾಡಂತನs ಅಂದೆ."



"ನಿಮ್ಮ ಮಾತರ ಕೇಳಬೇಕಿತ್ರಿ ಇವರು," ಎಂದಳು. ದನಿಯಲ್ಲಿ ಸಿಟ್ಟಿತ್ತು, ಅವನ ಮೇಲೆ.

ಮುಂದೆ ಆ ಮನೆಗೆ ವರ್ಷಗಟ್ಟಲೆ ಹೋಗಿಬಂದೆ. ನಿಮ್ಮಪ್ಪ ಹಿರಿಯರ ಮಾತು ಕೇಳಲಿಲ್ಲ, ನೀವು ಕೇಳಿರೆಂದು ನನ್ನ ಎದುರೇ ಮಕ್ಕಳಿಗೆ ಬುದ್ಧಿ ಹೇಳುತ್ತಿದ್ದಳು. ಪ್ರತಿ ಸಲವೂ ನಿಜ ಹೇಳಲು ಅವಕಾಶವಿತ್ತು. ಪ್ರತಿ ಸಲವೂ ಚಹಾ ಕುಡಿದು ಎದ್ದು ಬಂದೆ. ಹೋದ ವರ್ಷ ಆಕೆಯೂ ತೀರಿಕೊಂಡಳು. ಕೊನೆಯ ದಿನಗಳಲ್ಲೂ ಅವ್ವನಿಗೆ ಅಪ್ಪನ ಮೇಲಿನ ಸಿಟ್ಟು ಇಳಿದಿರಲಿಲ್ಲವೆಂದು ಅವಳ ಮಗಳು ಹೇಳಿದಳು.